ಐಸಿನ ಟಾಕಿಯಲ್ಲಿ ಹದಿನೇಳರ ಮಗ್ಗಿ

ಒದ್ದೆ ಗೋಣಿತಾಟು, ಅದರೊಳಗೆ ಮರದ ಹೊಟ್ಟು, ಅದರೊಳಗೆ ಐಸು. ಈ ಮೂರೂ ಸೇರಿದಾಗ ಒಂದು ವಾಸನೆ ಬರುತ್ತದೆ. ಫ್ರಿಜ್ಜಿನ ಐಸಿಗೆ ಆ ವಾಸನೆ ಇಲ್ಲ. ಐಸ್ ಫ್ಯಾಕ್ಟರಿಯಿಂದ ಬರುವ ದೊಡ್ಡ ಗಡ್ಡೆಗೆ, ಲಾದಿಗೆ, ಮಾತ್ರ ಇದೆ. ಮೂಗಿಗೆ ಬಡಿದ ಕೂಡಲೇ ಹಲ್ಲು ಜುಮ್ಮೆನ್ನುತ್ತದೆ.

ಹೋದ ಜನವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಬಾಂದ್ರಾದಲ್ಲಿರುವ ಮೊಮ್ಮಗಳ ಮನೆಗೆ ಹೋಗಿದ್ದೆ. ಬಿಲ್ಡಿಂಗಿನ ಗೇಟಿನ ಮುಂದೆ ಒಂದು ಟೆಂಪೋ ನಿಂತಿತ್ತು. ಇಬ್ಬರು ಕೊಕ್ಕೆ ಹಾಕಿ ಐಸಿನ ಲಾದಿ ಎಳೆಯುತ್ತಿದ್ದರು. ಯಾರದೋ ಮದುವೆ ಇರಬೇಕೆಂದು ವಾಚ್‌ಮನ್‌ನನ್ನು ಕೇಳಿದೆ.

"ಶಾದಿ ನಹೀ ಆಂಟಿ. ಆಪ್ಕೀ ಬೇಬಿ ಕಾ ಹೈ. ಊಪರ್ ಟೆರೇಸ್ ಪೇ," ಎಂದ.

ಬೇಬಿಗೆ ಇಪ್ಪತ್ತಾರು ವರ್ಷ. ಕೋಲ್ಡ್ ಪ್ಲಂಜ್ ಅಂತೆ. ಐಸು ತುಂಬಿದ ಟಬ್ಬಿನಲ್ಲಿ ಕುತ್ತಿಗೆಯವರೆಗೆ ಕುಳಿತರೆ ಮೈಗೆ, ಮನಸ್ಸಿಗೆ ಬಹಳ ಒಳ್ಳೆಯದಂತೆ. ಫೋನಿನಲ್ಲಿ ಒಮ್ಮೆ ಹೇಳಿದ್ದಳು. ಇವರದೆಲ್ಲ ಇಂಥ ಸಿಲ್ಲಿ ಫ್ಯಾಷನ್ನುಗಳೇ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಆ ವಾಸನೆ ಬಂದಿತು ನೋಡಿ, ಲಿಫ್ಟಿನ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮಾಸ್ತರ್... ನಲವತ್ತು ವರ್ಷಗಳ ನಂತರ ಮಾಸ್ತರ್ ಒಂದು ಲಿಫ್ಟಿನೊಳಗೆ ನನಗಾಗಿ ಕಾಯುತ್ತಿರುತ್ತಾರೆ ಎಂದುಕೊಂಡಿರಲಿಲ್ಲ.

ಅವರಿಗೆ ಹೆಸರಿತ್ತು. ಆದರೆ ಬೊಂಬಾಯಿಯ ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಮಾಸ್ತರ್, ಅವರ ಹೆಂಡತಿ ವೈನಿ. ನಾವು ಎರಡನೆಯ ಮಹಡಿಯಲ್ಲಿ, ಅವರು ಮೂರನೆಯದರಲ್ಲಿ, ಸರಿಯಾಗಿ ನಮ್ಮ ತಲೆಯ ಮೇಲೆ. ವೈನಿ ರೊಟ್ಟಿ ಬಡಿಯುವ ಸದ್ದು ಕೇಳಿ ನಾನು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದೆ. ಮಾಸ್ತರ್ ಒಂದು ಕ್ಲಬ್ಬಿನ ಈಜುಕೊಳದಲ್ಲಿ ಕೆಲಸಕ್ಕಿದ್ದರು. ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಸ್ವಲ್ಪ ಹೊಟ್ಟೆ. ದಡದ ಮೇಲೆ ನಡೆಯುವಾಗ ಬಾತುಕೋಳಿ. ನೀರಿಗಿಳಿದರೆ ಮಾತ್ರ ಬೇರೆಯೇ ಮನುಷ್ಯ, ಒಂದು ಹನಿ ಸಿಡಿಯುತ್ತಿರಲಿಲ್ಲ.

ನನಗೆ ಈಜು ಕಲಿಸಿದವರು ಅವರೇ. ಆಗ ನನಗೆ ಮೂವತ್ತು ದಾಟಿತ್ತು. ಕಾನ್ವೆಂಟಿನಲ್ಲಿ ಮೊಣಕಾಲು ಮುಚ್ಚಿಕೊಳ್ಳುವುದನ್ನೇ ಹನ್ನೊಂದು ವರ್ಷ ಕಲಿತು, ಅದೇ ಕಾನ್ವೆಂಟಿನಲ್ಲಿ ಇಂಗ್ಲಿಷ್ ಟೀಚರ್ ಆದವಳು ನಾನು. ಬೆನ್ನುನೋವಿಗೆ ಡಾಕ್ಟರು ಈಜಬೇಕು ಎಂದಾಗ ಪ್ರಾಣವೇ ಹೋದಂತಾಗಿತ್ತು. ಬೆಳಗಿನ ಲೇಡೀಸ್ ಬ್ಯಾಚಿನಲ್ಲಿ ಕೊಳದ ಅಂಚನ್ನು ಬಿಡದೆ ನಿಂತಿದ್ದ ನನಗೆ ಮಾಸ್ತರ್ ದಡದ ಮೇಲಿಂದ ಹೇಳಿದ್ದು ಇಂದಿಗೂ ನೆನಪಿದೆ.

"ಅಕ್ಕಾರ, ನೀರು ನಿಮ್ಮ ಸಾಲಿ ಹುಡುಗ್ಯಾರಲ್ರಿ. ಕಣ್ಣು ಕೆಂಪು ಮಾಡಿದ್ರ ಅಂಜೂದಿಲ್ಲ. ನೀವ ಸಡ್ಲ ಬಿಡ್ರಿ."

ವಿಜಯಪುರದ ಕಡೆ ಟೀಚರಮ್ಮನನ್ನು ಅಕ್ಕಾರು ಎನ್ನುತ್ತಾರೆ. ಅವರು ಅಲ್ಲಿನ ಒಂದು ಹಳ್ಳಿಯವರು. ಈಜು ಕಲಿತದ್ದು ಹೊಲದ ಬಾವಿಯಲ್ಲಿ. "ನಮ್ಮ ಕಾಕಾ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ಒಗದಾ, ಮ್ಯಾಲ ಬಂದ್ನಿ. ಮರುದಿನ ಬೆಂಡು ಬಿಚ್ಚಿ ಒಗದಾ. ಆಗೂ ಬಂದ್ನಿ. ಅಷ್ಟ ರೀ ನನ್ನ ವಿದ್ಯಾ," ಎನ್ನುತ್ತಿದ್ದರು.

ಅಷ್ಟೇ ವಿದ್ಯೆಯ ಆ ಮನುಷ್ಯನಿಗೆ ಒಂದೇ ಒಂದು ಹುಚ್ಚಿತ್ತು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲನ್ನು ಈಜಿ ದಾಟಬೇಕು. ಬೊಂಬಾಯಿಯ ಈಜುಗಾರರಿಗೆ ಆ ಹುಚ್ಚು ಹೊಸದಲ್ಲ. ಆದರೆ ಅವರೆಲ್ಲ ಕ್ಲಬ್ಬಿನ ಮೆಂಬರುಗಳು. ಇವರು ಮೆಂಬರುಗಳ ಮಕ್ಕಳಿಗೆ ಟವೆಲ್ ಹಿಡಿದು ನಿಲ್ಲುವವರು. ವಯಸ್ಸು ಆಗಲೇ ನಲವತ್ತೆರಡು. ನಮ್ಮ ಸಮುದ್ರದಲ್ಲಿ ಎಂಟು ಗಂಟೆ ಬೇಕಾದರೂ ಈಜುತ್ತಿದ್ದರು. ಆದರೆ ನಮ್ಮ ಸಮುದ್ರವೆಂದರೆ ಬೆಚ್ಚನೆಯ ಸಾರು. ಅಲ್ಲಿಯದು ಐಸ್‌ವಾಟರ್. ಅದನ್ನು ತಡೆಯುತ್ತೀರಾ ಎಂದು ಕ್ಲಬ್ಬಿನ ಇಬ್ಬರು ಹಿರಿಯರು ಕೇಳಿದರಂತೆ. ತಡೀತೀನಿ ಎಂದರಂತೆ. ಹಾಗಾದರೆ ಜನವರಿಯ ಕೊನೆಯ ಭಾನುವಾರ ನಾವೇ ಬಂದು ನೋಡುತ್ತೇವೆ, ಅಷ್ಟು ತಣ್ಣನೆಯ ನೀರಿನಲ್ಲಿ ಒಂದು ಗಂಟೆ ಇದ್ದು ತೋರಿಸಿದರೆ ಮುಂದಿನ ವರ್ಷದ ತಂಡದಲ್ಲಿ ನಿಮ್ಮ ಹೆಸರು ಎಂದರಂತೆ. ಹೋಗುವಾಗ ಒಂದು ಪುಟ್ಟ ಇಂಗ್ಲಿಷ್ ಪುಸ್ತಕವನ್ನೂ ಕೊಟ್ಟಿದ್ದರು. ತಣ್ಣೀರಿನಲ್ಲಿ ಈಜುವವರಿಗಾಗಿ ಬರೆದ ಇಪ್ಪತ್ತು ಹಾಳೆಯ ಪುಸ್ತಕ.

ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಸಿಮೆಂಟಿನ ತೊಟ್ಟಿ ಇತ್ತು, ನಮ್ಮ ಮಾತಿನಲ್ಲಿ ಟಾಕಿ. ಯಾವುದೋ ಕಾಲದಲ್ಲಿ ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರಂತೆ. ಗೋಡೆಯ ಮೇಲೆ ನೀಲಿ ಕಲೆ ಹಾಗೇ ಉಳಿದಿತ್ತು. ನಾಲ್ಕು ಅಡಿ ಆಳ. ಮಾಸ್ತರ್ ಅದನ್ನು ತಿಕ್ಕಿ ತೊಳೆದು, ನೀರು ತುಂಬಿ, ಕೈಗಾಡಿಯಲ್ಲಿ ಐಸಿನ ಲಾದಿ ತರಿಸಿ ಹಾಕಿದರು. ಮೊದಲ ದಿನ ನಾವೆಲ್ಲ ಹಿಂದಿನ ಗ್ಯಾಲರಿಯಿಂದ ಬಗ್ಗಿ ನೋಡುತ್ತಿದ್ದೆವು. ಊರ ಬಾವಿಗೆ ಹಾರುವ ಹಾಗೆ ಮಾಸ್ತರ್ ಟಾಕಿಯ ಕಟ್ಟೆಯಿಂದ ಧುಮುಕಿದರು.

ಮೇಲೆ ಬಂದಾಗ ಅವರ ಬಾಯಿ ತೆರೆದೇ ಇತ್ತು. ಉಸಿರು ಒಳಗೆ ಹೋಗುತ್ತಿದೆ, ಹೋಗುತ್ತಲೇ ಇದೆ, ಹೊರಗೆ ಬರುತ್ತಿಲ್ಲ. ಒಮ್ಮೆ ನೀರು ಕುಡಿದರು. ಕೈ ಕಟ್ಟೆಗೆ ಸಿಗಲಿಲ್ಲ. ಕೆಳಗಿದ್ದವರು ತೋಳು ಹಿಡಿದು ಎಳೆಯದಿದ್ದರೆ, ಎಂಟು ಗಂಟೆ ಸಮುದ್ರ ಈಜುವ ಮನುಷ್ಯ ನಾಲ್ಕು ಅಡಿ ನೀರಿನಲ್ಲಿ ಅಂದೇ...

ಸಂಜೆ ಅವರ ಮನೆಗೆ ಹೋದಾಗ ವೈನಿ ಬಿಡುವಂತೆಯೇ ಇರಲಿಲ್ಲ. "ನೋಡ್ರಿ ಅಕ್ಕಾರ, ನಡಾ ಮಟ ನೀರಾಗ ಮುಳುಗೋ ಮಂದಿ ವಿಲಾಯತಿಗೆ ಹೊಂಟಾರ! ಪಾಸ್‌ಪೋರ್ಟ್ ಹಿಂದಾಗಡೆ, ಮದಲ ಇವ್ರಿಗೆ ಒಂದು ಬೆಂಡು ಕೊಡಸ್ರಿ."

"ನೀ ಸುಮ್ನ ಕುಂದ್ರ. ಎದಿಗೆ ಎಮ್ಮಿ ಒದ್ದಂಗ ಆತು. ಒಳಗ ಹೋದಾವ್ಗ ಗೊತ್ತು," ಎಂದು ಮಾಸ್ತರ್ ಹುಸಿಮುನಿಸು ತೋರಿಸಿ ಆ ಪುಟ್ಟ ಪುಸ್ತಕವನ್ನು ನನ್ನ ಮುಂದಿಟ್ಟರು. "ಅಕ್ಕಾರ, ಇದರಾಗ ಏನ ಬರದಾರ ನನಗ ಓದಿ ಹೇಳ್ರಿ. ನನ್ನ ಇಂಗ್ಲಿಷು ಸೀಟಿ ಊದೂದಕ್ಕಷ್ಟ ಸಾಕು."

ತೆರೆದು ನೋಡಿದರೆ ಮೂರನೆಯ ಹಾಳೆಯಲ್ಲೇ ದಪ್ಪ ಅಕ್ಷರದಲ್ಲಿ ಇತ್ತು. ತಣ್ಣೀರಿಗೆ ಎಂದೂ ಧುಮುಕಬೇಡಿ. ಚರ್ಮಕ್ಕೆ ಥಂಡಿ ತಾಕಿದ ಕೂಡಲೇ ಏದುಸಿರು ಬರುತ್ತದೆ, ಅದನ್ನು ತಡೆಯಲು ಎಂಥ ಈಜುಗಾರನಿಗೂ ಆಗುವುದಿಲ್ಲ. ಮೆಲ್ಲಗೆ ಇಳಿಯಿರಿ, ಉಸಿರು ಹಿಡಿತಕ್ಕೆ ಬರುವವರೆಗೆ ಕಾಯಿರಿ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮಾಸ್ತರ್ ಕಿವಿ ಮುಟ್ಟಿಕೊಂಡರು.

ಅಂದಿನಿಂದ ಪ್ರತಿ ಗುರುವಾರ, ನಮ್ಮ ಸ್ಕೂಲಿನ ಹಾಫ್ ಡೇ ದಿನ, ಅವರ ಮನೆಯ ಗ್ಯಾಲರಿಯಲ್ಲಿ ಕುಳಿತು ನಾನು ಓದುವುದು, ಕನ್ನಡಕ್ಕೆ ತಿರುಗಿಸುವುದು, ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಟು ಬಿ ಫ್ರಾಂಕ್, ನನಗೆ ಅದರಲ್ಲಿ ಬಹಳ ಹೆಮ್ಮೆಯಿತ್ತು. ಬದುಕಿನಲ್ಲಿ ಮೊದಲ ಸಲ ನನ್ನ ಇಂಗ್ಲಿಷು ಪರೀಕ್ಷೆಯ ಮಾರ್ಕಿಗಲ್ಲದೆ ಇನ್ನೊಂದಕ್ಕೆ ಬೇಕಾಗಿತ್ತು. ಥಂಡಿಯಲ್ಲಿ ಮೊದಲು ಬೆರಳು ಹೋಗುತ್ತದೆ, ಆಮೇಲೆ ತೋಳು, ಆಮೇಲೆ ಬುದ್ಧಿ, ಆದ್ದರಿಂದ ಈಜುಗಾರನನ್ನು ಆಗಾಗ ಮಾತನಾಡಿಸುತ್ತಿರಿ, ಉತ್ತರ ತಪ್ಪಿದರೆ ಹೊರಗೆ ತೆಗೆಯಿರಿ ಎಂದು ಒಂದು ಹಾಳೆಯಲ್ಲಿತ್ತು. ಏನು ಕೇಳಬೇಕು ಎಂದಾಗ ಮಾಸ್ತರರೇ ಹೇಳಿದರು. "ಮಗ್ಗಿ ಕೇಳ್ರಿ. ಹದಿನೇಳರದ್ದು ಕೇಳ್ರಿ. ಅದಕ್ಕ ಸಾಲ್ಯಾಗ ಭಾಳ ಏಟು ತಿಂದೇನಿ, ಸತ್ರೂ ಮರಿಯೂದಿಲ್ಲ."

ಹಾಗೆ ಶುರುವಾಯಿತು. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮೊದಲು ನಾನು ಶಾಲು ಹೊದ್ದುಕೊಂಡು, ಕೈಗಡಿಯಾರ ಹಿಡಿದುಕೊಂಡು ಟಾಕಿಯ ಕಟ್ಟೆಯ ಮೇಲೆ. ಮಾಸ್ತರ್ ಕಂಕುಳಿಗೆ, ಕುತ್ತಿಗೆಗೆ ವ್ಯಾಸಲೀನು ಮೆತ್ತಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಒಳಗೆ. ದಾರದಲ್ಲಿ ಕಟ್ಟಿದ ಥರ್ಮಾಮೀಟರು ನೀರಿನಲ್ಲಿ. ಹತ್ತು ನಿಮಿಷ, ಹದಿನೈದು, ಇಪ್ಪತ್ತೈದು. ನಾನು ಮಗ್ಗಿ ಎಂದರೆ ಸಾಕು, ಹಲ್ಲು ಕಟಕಟ ಎನ್ನುತ್ತಿದ್ದರೂ ರಾಗವಾಗಿ ಬರುತ್ತಿತ್ತು. ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಕು... ನಾನು ಮಗ್ಗಿ ಕಲಿತದ್ದು ಇಂಗ್ಲಿಷಿನಲ್ಲಿ. ಸೆವೆಂಟೀನ್ ವನ್ಸ್ ಆರ್ ಸೆವೆಂಟೀನ್. ಅವರ ಮಗ್ಗಿ ನನಗೆ ಹಾಡು ಕೇಳಿದ ಹಾಗೆ. ಲಯ ತಪ್ಪಲಿಲ್ಲ ಎಂದರೆ ಸರಿ ಎಂದುಕೊಳ್ಳುತ್ತಿದ್ದೆ.

ಪರೀಕ್ಷೆಯ ಭಾನುವಾರದ ಹಿಂದಿನ ಗುರುವಾರ. ನನ್ನ ಮಡಿಲಲ್ಲಿ ತಿದ್ದಬೇಕಾದ ಪೇಪರುಗಳ ಕಟ್ಟು. ಒಳಗೆ ವೈನಿ ಶೇಂಗಾ ಹುರಿಯುತ್ತಿದ್ದರು.

"ಅಕ್ಕಾರ, ಇನ್ನೊಂದು ಹಾಳಿ ಉಳದೈತ್ರಿ," ಎಂದರು ಮಾಸ್ತರ್. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಯುತ್ತಿದ್ದರು.

ನಾನು ತಲೆಬರಹವನ್ನಷ್ಟೇ ನೋಡಿದೆ. ನೀರಿನಿಂದ ಹೊರಗೆ ಬಂದ ಮೇಲೆ ಎಂದಿತ್ತು. ಹೊರಗೆ ಬಂದ ಮೇಲೆ ಕಲಿಯುವುದಕ್ಕೇನಿದೆ?

"ಅದೇನಿಲ್ಲ ಮಾಸ್ತರ್. ಮೈ ಬೆಚ್ಚಗೆ ಮಾಡಿಕೊಳ್ಳಿ ಅಂತ ಬರೆದಿದ್ದಾರೆ. ಅದನ್ನು ವೈನಿಗೆ ಇಂಗ್ಲಿಷಿನವರು ಹೇಳಿಕೊಡಬೇಕೇ?" ಎಂದು ಪುಸ್ತಕ ಮುಚ್ಚಿದೆ.

ಒಳಗಿನಿಂದ ವೈನಿ ನಕ್ಕರು. "ಹಂಗ ಹೇಳ್ರಿ ಅಕ್ಕಾರ! ತಣ್ಣಗ ಮಾಡಾವ್ರು ಅವ್ರು, ಬೆಚ್ಚಗ ಮಾಡಾಕಿ ನಾನು."

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಆ ಇಬ್ಬರು ಹಿರಿಯರು ಬಂದರು. ಇಬ್ಬರಿಗೂ ಕನ್ನಡ ಬಾರದು. ಸ್ವೆಟರ್ ಹಾಕಿಕೊಂಡು, ಮಡಿಸುವ ಕುರ್ಚಿಯಲ್ಲಿ ಕುಳಿತು, ಸ್ಟಾಪ್‌ವಾಚ್ ಒತ್ತಿದರು. ಗ್ಯಾಲರಿಗಳಲ್ಲೆಲ್ಲ ಜನ. ಅರ್ಧ ಗಂಟೆಗೆ ಮಗ್ಗಿ ಚೆನ್ನಾಗಿ ಬಂತು. ನಲವತ್ತಕ್ಕೂ ಬಂತು. ಐವತ್ತೈದಕ್ಕೆ ಅವರ ಮುಖದ ಬಣ್ಣ ಟಾಕಿಯ ಗೋಡೆಯಂತಿತ್ತು. ನಡುಕ ನಿಂತಿತ್ತು. ನಡುಕ ನಿಂತದ್ದು ಒಳ್ಳೆಯದೆಂದೇ ನಾನು ಎಣಿಸಿದೆ... ಕೇಳಿದೆ. ಅವರು ಹೇಳಿದರು. ನಿಧಾನವಾಗಿ, ಆದರೆ ಅದೇ ರಾಗದಲ್ಲಿ. "ಹದಿನೇಳೇಳ್ಲೆ ನೂರಾ ಹತ್ತೊಂಬತ್ತು. ಹದಿನೇಳೆಂಟ್ಲೆ ನೂರಾ ಇಪ್ಪತ್ತಾರು. ಹದಿನೇಳೊಂಬತ್ಲೆ ನೂರಾ ಐವತ್ಮೂರು. ಹದಿನೇಳ್ಹತ್ಲೆ ನೂರಾ ಎಪ್ಪತ್ತು."

"ಮೇಡಂ, ಈಸ್ ಹಿ ಆಲ್‌ರೈಟ್?" ಎಂದು ಹಿರಿಯರಲ್ಲಿ ಒಬ್ಬರು ಕೇಳಿದರು.

"ಪರ್ಫೆಕ್ಟ್‌ಲಿ," ಎಂದೆ ನಾನು.

ಹದಿನೇಳೆಂಟ್ಲೆ ನೂರಾ ಮೂವತ್ತಾರು, ಇಪ್ಪತ್ತಾರಲ್ಲ. ಕನ್ನಡದ ಅಂಕಿ ನನ್ನ ತಲೆಯಲ್ಲಿ ಇಂಗ್ಲಿಷಿಗೆ ತಿರುಗಿ ಬರಲು ಒಂದು ಗಳಿಗೆ ಬೇಕಾಗುತ್ತಿತ್ತು. ಆ ಗಳಿಗೆಯಲ್ಲಿ ಅವರು ಒಂಬತ್ತಕ್ಕೂ ಹತ್ತಕ್ಕೂ ಹೋಗಿಬಿಟ್ಟಿದ್ದರು.

ಒಂದು ಗಂಟೆ ತುಂಬಿತು. ಚಪ್ಪಾಳೆ ಬಿತ್ತು. ಹಿರಿಯರು ಎದ್ದು ನಿಂತು ತಂಡದಲ್ಲಿ ನೀವಿದ್ದೀರಿ ಎಂದರು. ಮಾಸ್ತರ್ ಯಾರ ಕೈಯನ್ನೂ ಹಿಡಿಯದೆ ಹೊರಗೆ ಬಂದರು. ಟವೆಲನ್ನೂ ಬೇಡವೆಂದರು. "ಥಂಡಿ ಇಲ್ರಿ ಅಕ್ಕಾರ ಈಗ. ಛಲೋ ಅನಸಾಕತ್ತೈತಿ," ಎಂದು ನನ್ನನ್ನು ನೋಡಿ ನಕ್ಕರು. ತುಟಿ ಸರಿಯಾಗಿ ತಿರುಗುತ್ತಿರಲಿಲ್ಲ. ಸಂತೋಷಕ್ಕೆ ಹಾಗಾಗಿದೆ ಎಂದುಕೊಂಡೆ. ಒದ್ದೆ ಚಡ್ಡಿಯಲ್ಲೇ ಮೂರು ಮಹಡಿ ಮೆಟ್ಟಿಲು ಹತ್ತಿದರು. ಪ್ರತಿ ಮಹಡಿಯಲ್ಲೂ ಜನ ಬೆನ್ನು ತಟ್ಟಿದರು.

ಮೇಲೆ ವೈನಿ ನಸುಕಿನಿಂದಲೇ ತಾಮ್ರದ ಬಂಬಿಗೆ ಉರಿ ಹಾಕಿ ನೀರು ಕಾಯಿಸಿದ್ದರು. ಕುಸುಬಿ ಎಣ್ಣೆ ಬಿಸಿ ಮಾಡಿ ಇಟ್ಟಿದ್ದರು. ನಮ್ಮ ಜನ ಪ್ರೀತಿ ತೋರಿಸುವುದೇ ಹಾಗಲ್ಲವೇ... ಹಬ್ಬಕ್ಕೆ, ಬಾಣಂತನಕ್ಕೆ, ದೂರದಿಂದ ದಣಿದು ಬಂದವರಿಗೆ, ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು. ವೈನಿ ಅವರ ಕೈಕಾಲು ಎಳೆದೆಳೆದು ತಿಕ್ಕಿದರು. ಬಚ್ಚಲಿಗೆ ಕರೆದೊಯ್ದರು. ಬಂಬಿನ ನಲ್ಲಿ ತಿರುಗಿಸಿ ಬಕೆಟ್ಟು ತುಂಬಿಸಿ ಬಾಗಿಲಲ್ಲಿ ಕೊಟ್ಟವಳು ನಾನೇ. ಒಂದು ಬಕೆಟ್ಟು, ಎರಡು ಬಕೆಟ್ಟು. ಒಳಗಿನಿಂದ ಹಬೆ ಬರುತ್ತಿತ್ತು. "ವಿಲಾಯತಿ ಸಾಹೇಬ್ರ, ತಲಿ ಬಗ್ಗಸ್ರಿ," ಎಂದು ವೈನಿ ಚೇಷ್ಟೆ ಮಾಡುತ್ತಿದ್ದದ್ದು ಕೇಳಿಸಿತು. ಅವರು ಏನೋ ಉತ್ತರ ಕೊಟ್ಟರು. ಏನೆಂದು ಗೊತ್ತಾಗಲಿಲ್ಲ. ಆಮೇಲೆ ತಂಬಿಗೆ ಬಿದ್ದ ಸದ್ದು.

ಆಸ್ಪತ್ರೆಗೆ ತಲುಪುವ ಮೊದಲೇ ಮುಗಿದಿತ್ತು.

ಅಲ್ಲಿದ್ದ ಡಾಕ್ಟರು ವಯಸ್ಸಾದವರು, ಮೃದುವಾಗಿ ಮಾತನಾಡುವವರು. ನೀರಿನಿಂದ ಬಂದ ಮೇಲೆ ಏನು ಮಾಡಿದಿರಿ ಎಂದು ಕೇಳಿದರು. ಹೇಳಿದೆ. ಅವರು ಇಂಗ್ಲಿಷಿನಲ್ಲಿ ವಿವರಿಸಿದರು. ಅಷ್ಟು ಹೊತ್ತು ತಣ್ಣೀರಿನಲ್ಲಿದ್ದಾಗ ಕೈಕಾಲಿನ ರಕ್ತ ತಣ್ಣಗಾಗಿ ಅಲ್ಲೇ ನಿಂತಿರುತ್ತದೆ. ತಿಕ್ಕಿದರೆ, ಬಿಸಿನೀರು ಹಾಕಿದರೆ, ಮೆಟ್ಟಿಲು ಹತ್ತಿಸಿದರೆ, ಅದು ಹೃದಯಕ್ಕೆ ವಾಪಸು ನುಗ್ಗುತ್ತದೆ, ಬಿಸಿಗೆ ಮೈಯ ರಕ್ತನಾಳಗಳೆಲ್ಲ ಸಡಿಲಾಗಿ ರಕ್ತದ ಒತ್ತಡ ಇಳಿದುಬಿಡುತ್ತದೆ. ಅವರನ್ನು ಮಲಗಿಸಿ, ಒರೆಸಿ, ಕಂಬಳಿ ಹೊದಿಸಿ ಬಿಟ್ಟಿದ್ದರೆ ಬಹುಶಃ ಉಳಿಯುತ್ತಿದ್ದರು ಎಂದರು.

ವೈನಿ ನನ್ನ ಪಕ್ಕದಲ್ಲೇ ನಿಂತಿದ್ದರು. ಕೈಗೆ ಇನ್ನೂ ಕುಸುಬಿ ಎಣ್ಣೆಯ ವಾಸನೆ.

"ಏನಂತಾರ್ರೀ ಅಕ್ಕಾರ?"

ನಾನು ಅವರ ಮುಖ ನೋಡಿದೆ. ಭಾಷಾಂತರ ಮಾಡುವುದು ನನ್ನ ಕೆಲಸವಲ್ಲವೇ...

"ಹೃದಯ ನಿಂತಿತಂತೆ ವೈನಿ. ಒಳಗಿನ ಥಂಡಿ ತಡೆಯಲಿಲ್ಲವಂತೆ."

ಮನೆಗೆ ಬಂದು ಆ ಪುಸ್ತಕದ ಕೊನೆಯ ಹಾಳೆ ತೆರೆದೆ. ಡಾಕ್ಟರು ಹೇಳಿದ್ದೆಲ್ಲ ಅಲ್ಲಿತ್ತು. ಹತ್ತೇ ಸಾಲು. ಎಲ್ಲಕ್ಕೂ ಮೇಲೆ, ಅಪಾಯ ನೀರಿನೊಂದಿಗೆ ಮುಗಿಯುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಓದಿ ಹೇಳಲು ಐದು ನಿಮಿಷವೂ ಬೇಕಿರಲಿಲ್ಲ. ಅಂದು ನಾನು ಯಾವ ಪೇಪರು ತಿದ್ದುತ್ತಿದ್ದೆ ಎಂಬುದೂ ನೆನಪಿದೆ. ಕಾಂಪೊಸಿಷನ್.

ವೈನಿ ಅದೇ ಮನೆಯಲ್ಲಿ ಇನ್ನೂ ಬಹಳ ವರ್ಷ ಇದ್ದರು. ಮಾತುಂಗದ ದೇವಸ್ಥಾನಕ್ಕೆ ನಾವಿಬ್ಬರೂ ಜೊತೆಗೆ ಹೋಗುತ್ತಿದ್ದೆವು. ಯಾರಾದರೂ ಹಳಬರು ಸಿಕ್ಕಿ ಮಾಸ್ತರರ ಮಾತೆತ್ತಿದರೆ ವೈನಿ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು. "ನಾ ಏನೂ ಕಡಿಮಿ ಮಾಡ್ಲಿಲ್ರಿ. ಎಣ್ಣಿ ತಿಕ್ಕಿದ್ನಿ, ಎರಡು ಬಕೀಟು ಬಿಸಿನೀರು ಹಾಕಿದ್ನಿ. ನನ್ನ ಕೈಯಾಗ ಬೆಚ್ಚಗಾಗಿ ಹ್ವಾದ್ರು." ಹೇಳಿ ನನ್ನ ಕಡೆ ನೋಡುತ್ತಿದ್ದರು, ಸಾಕ್ಷಿಗೆ. ನಾನು ಹೌದು ಎಂದು ತಲೆ ಆಡಿಸುತ್ತಿದ್ದೆ. ಅಷ್ಟು ವರ್ಷ ತಲೆ ಆಡಿಸಿದೆ. ಅವರನ್ನು ಉಳಿಸಲು ಸುಮ್ಮನಿದ್ದೆನೋ, ನನ್ನನ್ನೋ... ಎರಡು ವರ್ಷದ ಹಿಂದೆ ವೈನಿ ಹೋದರು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲಾದರೆ ಬರೆಯುತ್ತಿರಲಿಲ್ಲ.

ಲಿಫ್ಟು ಟೆರೇಸಿಗೆ ತಲುಪುವ ಹೊತ್ತಿಗೆ ಮೊಮ್ಮಗಳು ಆಗಲೇ ಟಬ್ಬಿನಲ್ಲಿದ್ದಳು. ಐಸಿನ ಚೂರುಗಳ ನಡುವೆ ತಲೆ ಮಾತ್ರ.

"ಅಜ್ಜಿ, ಯೂ ಲುಕ್ ಸೋ ಪೇಲ್! ಕೂತ್ಕೋ ನಾ. ಜಸ್ಟ್ ಮೂರು ಮಿನಿಟ್ ಅಷ್ಟೇ."

ಮೂರು ನಿಮಿಷವನ್ನು ನಾನು ನನ್ನ ಗಡಿಯಾರದಲ್ಲೇ ಎಣಿಸಿದೆ. ಅವಳು ನಗುತ್ತಾ ಎದ್ದಳು, ಕೆಂಪಗಾಗಿದ್ದಳು. "ಅಬ್ ಹಾಟ್ ಶವರ್! ಅದೇ ಬೆಸ್ಟ್ ಪಾರ್ಟ್," ಎಂದು ಮೆಟ್ಟಿಲ ಕಡೆ ಓಡಲು ಹೊರಟವಳ ಮಣಿಕಟ್ಟು ಹಿಡಿದೆ. ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ, ಅವಳ ನಗು ನಿಂತಿತು.

"ಕುಳಿತುಕೋ," ಎಂದೆ.

"ಅಜ್ಜಿ, ಥ್ರೀ ಮಿನಿಟ್ಸ್‌ಗೆ ಏನೂ ಆಗಲ್ಲ, ಐ ಪ್ರಾಮಿಸ್..."

"ಕುಳಿತುಕೋ."

ಕುಳಿತಳು. ಟವೆಲಿನಿಂದ ಒರೆಸಿದೆ, ತಿಕ್ಕದೆ, ಮೆಲ್ಲಗೆ ಒತ್ತಿ ಒತ್ತಿ. ನನ್ನ ಶಾಲು ಹೊದಿಸಿದೆ. ಆಮೇಲೆ ಅವಳ ಮುಂದೆ ನೆಲದ ಮೇಲೆ ಕುಳಿತು ಆ ಕೊನೆಯ ಹಾಳೆಯನ್ನು ಕನ್ನಡದಲ್ಲಿ ಹೇಳಿದೆ. ಪೂರ್ತಿ, ಹತ್ತೂ ಸಾಲು. ಓಡಾಡಬೇಡಿ. ಕೈಕಾಲು ತಿಕ್ಕಬೇಡಿ. ಬಿಸಿನೀರು ಹಾಕಬೇಡಿ. ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದ್ದು, ಸುಮ್ಮನೆ ಮಲಗಿರಿ. ಮೈ ತಾನಾಗಿ ಬೆಚ್ಚಗಾಗಲು ಬಿಡಿ... ನಲವತ್ತು ವರ್ಷಗಳಲ್ಲಿ ಬಾಯಿಪಾಠವಾಗಿಬಿಟ್ಟಿತ್ತು. ಅವಳಿಗೆ ಅರ್ಧ ಅರ್ಥವಾಗಿರಬೇಕು.

"ಯಾಕೆ ಬಿಡಿ, ಮಲಗಿರಿ ಅಂತ ರೆಸ್ಪೆಕ್ಟ್ ಕೊಟ್ಟು ಹೇಳ್ತಿದ್ದೀ? ಐ ಆಮ್ ಯುವರ್ ಗ್ರಾಂಡ್‌ಡಾಟರ್," ಎಂದಳು ಮೆಲ್ಲಗೆ.

ಶಾಲನ್ನು ಅವಳ ಕೊರಳಿನವರೆಗೆ ಎಳೆದೆ. "ಹದಿನೇಳರ ಮಗ್ಗಿ ಹೇಳು," ಎಂದೆ.

"ವಾಟ್?"

"ಸೆವೆಂಟೀನ್ ಟೇಬಲ್."

ವಿಚಿತ್ರವಾಗಿ ನೋಡಿದಳು. ಆದರೂ ಹೇಳಿದಳು, ಬೆರಳು ಮಡಿಸುತ್ತಾ, ತಡವರಿಸುತ್ತಾ. ಏಳಕ್ಕೆ ಬಂದಾಗ ನಾನು ಅವಳ ತುಟಿಯನ್ನೇ ನೋಡಿದೆ.

"ಸೆವೆಂಟೀನ್ ಏಟ್ಸ್... ವೆಯ್ಟ್... ವನ್ ಥರ್ಟಿಸಿಕ್ಸ್. ಕರೆಕ್ಟ್?"

ಕರೆಕ್ಟ್ ಎಂದೆ. ಟಬ್ಬಿನ ಪಕ್ಕದಲ್ಲಿ ಖಾಲಿ ಗೋಣಿತಾಟು ಬಿದ್ದಿತ್ತು, ಅದರಿಂದ ಹೊಟ್ಟಿನ ನೀರು ಒಸರಿ ನನ್ನ ಸೀರೆಯ ಅಂಚು ಒದ್ದೆಯಾಗಿತ್ತು. ಏಳಲು ಮನಸ್ಸಾಗಲಿಲ್ಲ.